ನೀಳ ನಿಲುವಿಗೆ ಒಪ್ಪುವ ಸೀರೆ

ಗಿಡ್ಡನೆಯ ಹೆಣ್ಣುಮಕ್ಕಳು ಎತ್ತರವಾಗಿ ಕಾಣುವ ಬಗೆ ಹೇಗೆಂಬುದನ್ನು ಹೇಳಿಕೊಡುವವರಿಗೆ ಲೋಕದಲ್ಲಿ ಕೊರತೆಯಿಲ್ಲ. ಸಣ್ಣ ದಡಿಯ ಸೀರೆ ಉಡಬೇಕು, ಉದ್ದಗೆರೆಯ ಬಟ್ಟೆ ಆರಿಸಬೇಕು, ಹಿಮ್ಮಡಿ ಎತ್ತರಿಸಿದ ಚಪ್ಪಲಿ ಮೆಟ್ಟಬೇಕು ಎಂಬ ಉಪದೇಶವನ್ನು ನೆರೆಮನೆಯ ವೈನಿಯಿಂದ ಹಿಡಿದು ಜವಳಿ ಅಂಗಡಿಯ ಗುಮಾಸ್ತನವರೆಗೆ ಎಲ್ಲರೂ ಮಾಡಬಲ್ಲರು. ಆದರೆ ದೇವರು ಕೈಬಿಚ್ಚಿ ಅಳೆದುಕೊಟ್ಟ 5 ಅಡಿ 8 ಅಂಗುಲದ ತರುಣಿಯೊಬ್ಬಳು ಎದುರು ಬಂದು ನಿಂತಳೆಂದರೆ ಇವರೆಲ್ಲರ ವಿದ್ಯೆಯೂ ಮುಗಿದುಹೋಗುತ್ತದೆ. ಆಗ ಬಾಯಿಗೆ ಬರುವ ಮಾತು ಒಂದೇ: “ಎಷ್ಟ ಉದ್ದ ಬೆಳದಾಳವಾ! ಇಕಿಗೆ ವರಾ ಎಲ್ಲೆ ಹುಡಕ್ತೀರಿ?”

ಭಾರತೀಯ ಸ್ತ್ರೀಯ ಸರಾಸರಿ ಎತ್ತರ ಸುಮಾರು 152 ಸೆಂಟಿಮೀಟರು, ಎಂದರೆ 5 ಅಡಿ. ಅಂಗಡಿಯ ಒಳಲಂಗ, ಸಿದ್ಧ ಉಡುಪು, ಚಪ್ಪಲಿಯ ಅಚ್ಚು ಎಲ್ಲವೂ ಈ ಐದಡಿಯವಳನ್ನೇ ಕಣ್ಮುಂದೆ ಇಟ್ಟುಕೊಂಡು ಸಿದ್ಧವಾಗಿರುವುದರಿಂದ, ಅವಳಿಗಿಂತ ಒಂದು ಗೇಣು ಮೇಲೆ ಬೆಳೆದವಳಿಗೆ ಪೇಟೆಯಲ್ಲಿ ಏನೂ ಸಿಕ್ಕದಂತಾಗುವುದು ಸಹಜ. ಸಿಕ್ಕದಿರುವುದು ಪೇಟೆಯ ದೋಷ. ನಮ್ಮ ಸಮಾಜ ಮಾತ್ರ ಅದನ್ನು ಹುಡುಗಿಯ ದೋಷವೆಂದು ಎಣಿಸಿ, ಅವಳ ಎತ್ತರವನ್ನು ಹೇಗಾದರೂ ಮರೆಮಾಡುವ ಉಪಾಯಗಳನ್ನು ಹುಡುಕುತ್ತ ಬಂದಿದೆ. ಇದು ನಮ್ಮಲ್ಲಿ ಮಾತ್ರವೆಂದು ಯಾರೂ ನೊಂದುಕೊಳ್ಳಬೇಕಾಗಿಲ್ಲ. 1981ರಲ್ಲಿ ಇಂಗ್ಲೆಂಡಿನ ರಾಜಕುಮಾರ ಚಾರ್ಲ್ಸ್ ಮತ್ತು ಡಯಾನಾ ಅವರ ವಿವಾಹದ ನೆನಪಿಗಾಗಿ ಹೊರಡಿಸಿದ ಅಂಚೆಚೀಟಿಯಲ್ಲಿ ವರನು ವಧುವಿಗಿಂತ ಬಹಳಷ್ಟು ಎತ್ತರದಲ್ಲಿ ನಿಂತಂತೆ ಕಾಣುತ್ತಾನೆ. ವಾಸ್ತವದಲ್ಲಿ ಇಬ್ಬರದೂ ಹೆಚ್ಚುಕಡಿಮೆ ಒಂದೇ ಎತ್ತರ. ಅರಮನೆಯಲ್ಲಿಯೇ ಹೀಗಾದರೆ ಸಪ್ತಾಪುರದ ಗೃಹಸ್ಥನೊಬ್ಬ ಮಗಳ ಭಾವಚಿತ್ರ ತೆಗೆಸುವಾಗ ಅವಳನ್ನು ಕುರ್ಚಿಯಲ್ಲಿ ಕೂಡಿಸಿದರೆ ಅವನನ್ನು ಹಳಿಯುವುದು ಹೇಗೆ?

ಎತ್ತರದವಳು ಸೀರೆ ಆರಿಸುವಾಗ ಮೊದಲು ನೋಡಬೇಕಾದುದು ಬಣ್ಣವನ್ನಲ್ಲ, ದಡಿಯನ್ನೂ ಅಲ್ಲ, ಪನ್ನವನ್ನು. ಪನ್ನವೆಂದರೆ ಬಟ್ಟೆಯ ಅಗಲ. ಸೀರೆಯ ಉದ್ದ ಎಷ್ಟು ಗಜವೆಂದು ಕೇಳುವ ರೂಢಿ ಎಲ್ಲರಿಗೂ ಇದೆ, ಪನ್ನವೆಷ್ಟೆಂದು ಕೇಳುವವರು ವಿರಳ. ಆದರೆ ಸೊಂಟದಿಂದ ಪಾದದವರೆಗೆ ಮೈಯನ್ನು ಮುಚ್ಚುವುದು ಸೀರೆಯ ಉದ್ದವಲ್ಲ, ಈ ಪನ್ನವೇ. ಪೇಟೆಯ ಸೀರೆಗಳ ಪನ್ನ ಸಾಮಾನ್ಯವಾಗಿ 45ರಿಂದ 47 ಅಂಗುಲ. 5 ಅಡಿ 8 ಅಂಗುಲದವಳಿಗೆ ಸೊಂಟದಿಂದ ನೆಲಕ್ಕೆ 41 ಅಥವಾ 42 ಅಂಗುಲವಾಗುತ್ತದೆ. ಒಳಲಂಗದೊಳಗೆ ಸಿಕ್ಕಿಸಲು 3 ಅಂಗುಲ ಬೇಕು. ಅಲ್ಲಿಗೆ 45 ಮುಗಿಯಿತು. ಅವಳು 2 ಅಂಗುಲದ ಹಿಮ್ಮಡಿಯ ಚಪ್ಪಲಿ ಮೆಟ್ಟಿದಳೋ, ಬೇಕಾದದ್ದು 47. ಐದಡಿಯವಳು ಇದೇ ಸೀರೆಯ ಹೆಚ್ಚಾದ ಪನ್ನವನ್ನು ಸೊಂಟದೊಳಗೆ ತುರುಕಿ ನಿಶ್ಚಿಂತೆಯಿಂದ ನಡೆದರೆ, ಇವಳ ಕಾಲಿನ ಗಂಟು ಮಾತ್ರ ಸಭೆಯ ಮುಂದೆ ಬಯಲಾಗುತ್ತದೆ. ಆದುದರಿಂದ ಯಾವ ಚಪ್ಪಲಿಯೊಂದಿಗೆ ಸೀರೆ ಉಡುವುದೆಂಬುದನ್ನು ನಿರ್ಧರಿಸಿಕೊಂಡು, ಸಾಧ್ಯವಾದರೆ ಅದನ್ನೇ ಮೆಟ್ಟಿಕೊಂಡು ಅಂಗಡಿಗೆ ಹೋಗುವುದು ಜಾಣತನ. ಚಪ್ಪಲಿ ಮೊದಲು, ಸೀರೆ ಆಮೇಲೆ. ಕೇಳಲು ವಿಪರೀತವೆನಿಸಿದರೂ ಲೆಕ್ಕ ಇರುವುದೇ ಹಾಗೆ.

ಉದ್ದವನ್ನು ನೇಯುವ ಮೊದಲು ಹಾಸಿನಲ್ಲಿ ಹೆಚ್ಚಿಸಬಹುದು. ಪನ್ನವಾದರೋ ಮಗ್ಗಕ್ಕೆ ಕಟ್ಟಿದ ಹಣಿಗೆಯ ಅಗಲಕ್ಕೆ ಬದ್ಧವಾದದ್ದು. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ನೇಕಾರರು ಒಡಲಿನ ಹಾಸನ್ನು ಬೇರೆ, ಸೆರಗಿನ ಹಾಸನ್ನು ಬೇರೆ ಮಾಡಿಕೊಂಡು, ಎರಡರ ಎಳೆಗಳನ್ನೂ ಒಂದರೊಳಗೊಂದು ಕೊಂಡಿ ಹಾಕಿ ಜೋಡಿಸುತ್ತಾರೆ. ಇಳಕಲ್ಲ ಸೀರೆಯ ಹೆಗ್ಗಳಿಕೆಯೇ ಈ ಕೊಂಡಿ. ಅದು 6 ಗಜದ್ದೋ 8 ಗಜದ್ದೋ 9 ಗಜದ್ದೋ ಎಂಬುದು ಹಾಸು ಹೂಡುವಾಗಲೇ ನಿಶ್ಚಯವಾಗಬೇಕು. ಅಜ್ಜಿಯಂದಿರು ಎಂಟು, ಒಂಬತ್ತು ಗಜದ ಸೀರೆಯನ್ನು ಕಚ್ಚೆ ಹಾಕಿ ಉಡುತ್ತಿದ್ದ ಕಾಲದಲ್ಲಿ ಎತ್ತರದವಳ ಸಂಕಟ ಇಷ್ಟು ದೊಡ್ಡದಾಗಿರಲಿಲ್ಲ. ಸೀರೆ ಪಾದ ಮುಚ್ಚಲೇಬೇಕೆಂಬ ಹಟ ಆ ಉಡುವಿಕೆಯಲ್ಲಿ ಇರಲಿಲ್ಲ. ಉದ್ದ ಧಾರಾಳವಾಗಿದ್ದುದರಿಂದ ಸೆರಗಿಗೂ ಕೊರತೆ ಬೀಳುತ್ತಿರಲಿಲ್ಲ.

ಆ ಕಾಲದವರು ಗಜವನ್ನು ಬಿಟ್ಟು ಮೊಳದಿಂದಲೇ ಮಾತಾಡುತ್ತಿದ್ದರು: ಹದಿನಾರು ಮೊಳದ ಸೀರೆ, ಹದಿನೆಂಟು ಮೊಳದ ಸೀರೆ. ಮೊಳವೆಂದರೆ ಮೊಣಕೈಯಿಂದ ಬೆರಳ ತುದಿಯವರೆಗಿನ ಅಳತೆ. ಐದಡಿಯವಳ ಮೊಳಕ್ಕೂ ಐದಡಿ ಎಂಟಂಗುಲದವಳ ಮೊಳಕ್ಕೂ ಸುಮಾರು 2 ಅಂಗುಲ ಅಂತರವಿರುತ್ತದೆ. ಹದಿನಾರು ಮೊಳಕ್ಕೆ ಅದು 32 ಅಂಗುಲ, ಹತ್ತಿರಹತ್ತಿರ ಒಂದು ಗಜ. ಅವರವರ ಕೈಯಿಂದ ಅಳೆದುಕೊಂಡಿದ್ದರೆ ಸೀರೆಯು ತಾನಾಗಿಯೇ ಉಡುವವಳ ಮೈಯಷ್ಟಾಗುತ್ತಿತ್ತು. ಅಳೆಯುತ್ತಿದ್ದವನು ಅಂಗಡಿಕಾರನಾದ್ದರಿಂದ ಅವನ ಕೈ ಎಷ್ಟು ಗಿಡ್ಡವಿತ್ತೆಂಬುದನ್ನು ಯಾರೂ ಬರೆದಿಟ್ಟಿಲ್ಲ.

ಹುಬ್ಬಳ್ಳಿಯ ಜವಳಿ ಸಾಲಿನಲ್ಲಾಗಲಿ ಧಾರವಾಡದ ಸುಭಾಸ ರಸ್ತೆಯಲ್ಲಾಗಲಿ ಹಳೆಯ ಪದ್ಧತಿಯ ಅಂಗಡಿಗಳಲ್ಲಿ ಸೀರೆಯ ವ್ಯಾಪಾರ ನಡೆಯುವುದು ಬಿಳಿಯ ಗಾದಿಯ ಮೇಲೆ ಕುಳಿತು. ಎತ್ತರದವಳು ಮೋಸ ಹೋಗುವುದು ಇಲ್ಲಿಯೇ. ಕುಳಿತಾಗ ಎಲ್ಲರೂ ಹೆಚ್ಚುಕಡಿಮೆ ಸಮಾನರು. ಹೆಗಲ ಮೇಲೆ ಹಾಕಿ ಕನ್ನಡಿ ನೋಡಿದರೆ ಬಣ್ಣ ತಿಳಿದೀತು, ಪನ್ನ ತಿಳಿಯುವುದಿಲ್ಲ.

ಇಂಥ ಒಂದು ಅಂಗಡಿಗೆ ತಾಯಿ, ಸೋದರತ್ತೆ, ಮಗಳು ಮೂವರು ಬರುತ್ತಾರೆಂದು ಇಟ್ಟುಕೊಳ್ಳೋಣ. ಮಗಳು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುವವಳು, ಎತ್ತರ 5 ಅಡಿ 9 ಅಂಗುಲ. ಬರುವ ಭಾನುವಾರ ಅವಳನ್ನು ನೋಡಲು ವರನ ಕಡೆಯವರು ಬರಲಿದ್ದಾರೆ. ಸೋದರತ್ತೆ ಮೊದಲೇ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಿದ್ದಾಳೆ: ಕಣ್ಣಿಗೆ ಹೊಡೆಯದ ಮಂಕು ಬಣ್ಣ, ದಾರದಂಥ ದಡಿ, ಮೈಗೆ ಅಂಟುವ ತೆಳುವಾದ ಬಟ್ಟೆ. ಹುಡುಗಿ ಎಷ್ಟು ಕಡಿಮೆ ಕಂಡರೆ ಅಷ್ಟು ಕ್ಷೇಮ ಎಂಬ ಧೋರಣೆ. ಪಾಪ, ಅವಳು ಆರಿಸಿದ ಸೀರೆಗೆ ಉದ್ದುದ್ದ ಗೆರೆಗಳೂ ಇದ್ದವು. ಮರೆಮಾಡಬೇಕೆಂದ ಎತ್ತರವನ್ನು ಆ ಗೆರೆಗಳು ಇನ್ನೆರಡಂಗುಲ ಬೆಳೆಸುವವೆಂಬುದು ಅವಳಿಗೆ ಹೊಳೆದಿರಲಿಲ್ಲ. ಗಾದಿಯ ತುದಿಯಲ್ಲಿ ಕುಳಿತ ಮುದುಕನಾದ ಅಂಗಡಿಕಾರನು ಎಲ್ಲವನ್ನೂ ನೋಡಿ ಹೇಳಿದ:

“ಅಕ್ಕಾರ, ಕೂತ ನೋಡಿದ್ರ ತಿಳಿಯೂದಿಲ್ಲರಿ. ತಂಗೀನ್ನ ಎಬ್ಬಿಸಿ ನಿಲ್ಲಸ್ರಿ.”

ಹುಡುಗಿ ಎದ್ದು ನಿಂತಳು. ಅತ್ತೆಯ ಸೀರೆಯನ್ನು ಸೊಂಟದ ಮಟ್ಟದಿಂದ ಇಳಿಬಿಟ್ಟು ನೋಡಿದರೆ ನೆಲಕ್ಕೂ ಸೀರೆಗೂ ನಾಲ್ಕು ಬೆರಳ ಅಂತರ. ಅಂಗಡಿಕಾರನು ಮೇಲಿನ ಕಪಾಟಿನಿಂದ ಬೇರೊಂದು ಸೀರೆ ಇಳಿಸಿದ. ಪನ್ನ ಹೆಚ್ಚಿನದು, ದಾಳಿಂಬೆ ಬಣ್ಣದ ಒಡಲು, ಕಾಲಬುಡದಲ್ಲಿ ಐದಂಗುಲದ ದಡಿ.

“ದಡಿ ಭಾಳ ಅಗಲ ಆತಲ್ಲ?” ಎಂದಳು ಸೋದರತ್ತೆ.

“ಸಣ್ಣ ಮಂದಿಗೆ ಆಗತದರಿ. ಇವರಿಗೆ ಇದು ಅಳತಿ.”

ಆ ಮುದುಕನ ಮಾತಿನಲ್ಲಿ ಸೌಂದರ್ಯಶಾಸ್ತ್ರದ ಒಂದು ಅಧ್ಯಾಯವೇ ಅಡಗಿದೆ. ಅಗಲವಾದ ದಡಿ, ಅಡ್ಡವಾಗಿ ಹಾಯುವ ಪಟ್ಟಿ, ದೊಡ್ಡ ಚೌಕಳಿ, ದಡಿಗೂ ಒಡಲಿಗೂ ಎದುರುಬಣ್ಣ, ಇವೆಲ್ಲ ನೋಡುವವರ ದೃಷ್ಟಿಯನ್ನು ಮೇಲಿಂದ ಕೆಳಕ್ಕೆ ಒಂದೇ ಓಟದಲ್ಲಿ ಹರಿಯಗೊಡದೆ ಅಲ್ಲಲ್ಲಿ ತಡೆದು ನಿಲ್ಲಿಸುತ್ತವೆ. ಗಿಡ್ಡನೆಯವಳನ್ನು ಇವು ಎರಡು ತುಂಡು ಮಾಡಿದಂತೆ ತೋರಿಸಿದರೆ, ಎತ್ತರದವಳಿಗೆ ತುಂಬಿದ ಮೈಕಟ್ಟನ್ನೂ ಗಾಂಭೀರ್ಯವನ್ನೂ ತಂದುಕೊಡುತ್ತವೆ. ನಾಲ್ಕರಿಂದ ಆರಂಗುಲದ ದಡಿಯ ಇಳಕಲ್ಲ ಸೀರೆ ಎತ್ತರದವಳಿಗೆಂದೇ ನೇಯ್ದಂತಿರುತ್ತದೆ. ಎತ್ತರವಿದ್ದು ತೆಳ್ಳಗಿರುವವಳು ಗಂಜಿ ಹಾಕಿದ ಹತ್ತಿಯ ಸೀರೆಯನ್ನು ಹಿಂಜರಿಯದೆ ಉಡಬಹುದು. ಮೈಯಿಂದ ಸ್ವಲ್ಪ ದೂರ ನಿಲ್ಲುವ ಅದರ ಬಿಗುಪು ಅವಳಿಗೆ ಅನುಕೂಲ. ಎತ್ತರದೊಂದಿಗೆ ದಪ್ಪವೂ ಇದ್ದರೆ ಮೆತ್ತಗೆ ಇಳಿಬೀಳುವ ರೇಶಿಮೆ ಲೇಸು. ಬಣ್ಣದ ವಿಷಯದಲ್ಲಿ ಎತ್ತರದವಳಿಗೆ ನಿಷೇಧವೇ ಇಲ್ಲವೆನ್ನಬೇಕು. ಗಾಢವಾದ ಹಸಿರು, ಕೆಂಪು, ನವಿಲುಬಣ್ಣ, ಯಾವುದೂ ಅವಳನ್ನು ನುಂಗಿಹಾಕುವುದಿಲ್ಲ.

ಸೆರಗಿನ ಮಾತನ್ನು ಬೇರೆಯಾಗಿಯೇ ಹೇಳಬೇಕು. ಕೆಂಪು ಬಿಳುಪಿನ ಟೋಪ ತೆನಿ ಸೆರಗು ಇಳಕಲ್ಲ ಸೀರೆಯ ಕಿರೀಟ. ಆರು ಗಜದೊಳಗೆ ಮೈಯನ್ನು ಸುತ್ತಿ, ನಿರಿಗೆ ಹಿಡಿದು, ಉಳಿದದ್ದನ್ನು ಹೆಗಲ ಮೇಲೆ ಹಾಕಿದಾಗ ಎತ್ತರದ ಹೆಣ್ಣಿಗೆ ಆ ಸೆರಗು ಬೆನ್ನಿನ ಅರ್ಧಕ್ಕೇ ಮುಗಿಯುವ ಭಯವಿರುತ್ತದೆ. ಎರಡು ನಿರಿಗೆ ಕಡಿಮೆ ಮಾಡಿಯಾದರೂ ಸೆರಗನ್ನು ಮೊಣಕಾಲಿನ ಹಿಂಭಾಗದವರೆಗೆ ಇಳಿಬಿಡುವುದು ಒಳ್ಳೆಯದು. ಧಾರವಾಡದ ಕಸೂತಿಯಿದ್ದರಂತೂ ಇದು ಇನ್ನಷ್ಟು ಅಗತ್ಯ. ಗಾವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಬಟ್ಟೆಯ ಎಳೆ ಎಣಿಸಿ ಹಾಕುವ ಈ ಕೆಲಸದಲ್ಲಿ ಗೋಪುರ, ತೇರು, ಅಂಬಾರಿಯ ಆನೆಗಳಂಥ ದೊಡ್ಡ ಚಿತ್ರಗಳು ಸೆರಗಿನ ಬಳಿ ಬರುತ್ತವೆ. ದೂರ ಹೋದಂತೆ ಚಿತ್ರಗಳು ಸಣ್ಣವಾಗುತ್ತವೆ. ತಿಂಗಳುಗಟ್ಟಲೆ ಕಣ್ಣು ಸೋಲಿಸಿ ಹಾಕಿದ ಆ ಗೋಪುರದ ಶಿಖರವು ಭುಜದ ಮಡಿಕೆಯಲ್ಲಿ ಮುಚ್ಚಿಹೋದರೆ ಹಾಕಿದವಳ ಶ್ರಮಕ್ಕೆ ಅಪಚಾರ. ನೀಳವಾದ ಬೆನ್ನಿನ ಮೇಲೆ ಅದು ಪೂರ್ತಿಯಾಗಿ ತೆರೆದುಕೊಳ್ಳುತ್ತದೆ.

ಇಷ್ಟಾದರೂ, ಉಡುಗೊರೆಯಾಗಿ ಬಂದ ಸೀರೆಗೆ ಪನ್ನ ಕೇಳಲಾಗುವುದಿಲ್ಲ; ಅವ್ವನ ಮದುವೆಯ ಸೀರೆಯನ್ನು ಪನ್ನ ಸಾಲದೆಂದು ಬಿಡಲಾಗುವುದಿಲ್ಲ. ಅದಕ್ಕೊಂದು ಉಪಾಯವುಂಟು. ಸೀರೆಯ ಒಳತುದಿಯಿಂದ ಮೊದಲ ಸುತ್ತು ಮತ್ತು ನಿರಿಗೆ ಸೇರಿ ಸುಮಾರು ಮೂರೂವರೆ ಗಜದಷ್ಟು ಭಾಗವು ಸೊಂಟದೊಳಗೆ ಸಿಕ್ಕುತ್ತದೆ. ಅಷ್ಟು ದೂರ ಮೇಲಿನ ಅಂಚಿಗೆ ಅದೇ ಬಣ್ಣದ ಹತ್ತಿಯ, ಮೂರು ನಾಲ್ಕು ಅಂಗುಲ ಅಗಲದ ಪಟ್ಟಿಯೊಂದನ್ನು ಕೈಹೊಲಿಗೆಯಿಂದ ಜೋಡಿಸಬೇಕು. ಒಳಲಂಗದೊಳಗೆ ಅಡಗುವುದು ಆ ಪಟ್ಟಿ ಮಾತ್ರ. ಸೀರೆಯ ಪನ್ನವೆಲ್ಲ ಕೆಳಗೆ ಇಳಿದು ಪಾದವನ್ನು ಮುಟ್ಟುತ್ತದೆ. ಹೊರಗಿನಿಂದ ನೋಡುವವರಿಗೆ ಪಟ್ಟಿಯ ಸುಳಿವೂ ಹತ್ತುವುದಿಲ್ಲ. ಬೇಡವಾದಾಗ ಬಿಚ್ಚಿ ತೆಗೆಯಬಹುದು. ಒಳಲಂಗವನ್ನು ಮಾತ್ರ ಅಂಗಡಿಯಲ್ಲಿ ಕೊಳ್ಳಬಾರದು. ಸಿದ್ಧವಾಗಿ ದೊರೆಯುವವು 38 ಅಂಗುಲದ ಆಸುಪಾಸಿನಲ್ಲಿರುತ್ತವೆ. ಗೇಣುದ್ದ ಒಳಲಂಗ ಗಿಡ್ಡವಾದರೆ ತೆಳು ಸೀರೆಯ ಕೆಳಗೆ ಬೆಳಕಿನಲ್ಲಿ ಎಲ್ಲವೂ ಕಾಣುತ್ತದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ರಾಷ್ಟ್ರಧ್ವಜವನ್ನು ಒಂಬತ್ತು ಅಳತೆಗಳಲ್ಲಿ, ಒಂದೆಳೆಯೂ ತಪ್ಪದಂತೆ ಸಿದ್ಧಗೊಳಿಸುತ್ತದೆ. ಅದೇ ಊರಿನ ಪೇಟೆಯಲ್ಲಿ ಹೆಣ್ಣುಮಕ್ಕಳ ಒಳಲಂಗಕ್ಕೆ ಎರಡನೆಯ ಉದ್ದ ಸಿಕ್ಕುವುದು ಕಷ್ಟ.

ಇನ್ನು ಕುಪ್ಪಸ. ಗುಳೇದಗುಡ್ಡದ ಖಣ ಇಳಕಲ್ಲ ಸೀರೆಯ ಹುಟ್ಟು ಜೊತೆಗಾತಿ. ಖಣವೆಂದರೆ ಒಂದು ಕುಪ್ಪಸಕ್ಕೆ ಸಾಲುವ ತುಂಡು ಎಂಬುದೇ ಅದರ ಲೆಕ್ಕ. ಆ ಲೆಕ್ಕ ಹುಟ್ಟಿದ್ದು ಎದೆಯ ಕೆಳಗೆ ಗಂಟು ಹಾಕುವ ಗಿಡ್ಡ ಕುಪ್ಪಸದ ಕಾಲದಲ್ಲಿ. ನೀಳವಾದ ಬೆನ್ನು, ನೀಳವಾದ ತೋಳು ಉಳ್ಳವಳು ಒಂದೂವರೆ ಖಣ ಕೊಳ್ಳುವುದೇ ಸರಿ. ಉಳಿದವರಿಗೆ 14 ಅಂಗುಲ ಉದ್ದದ ಕುಪ್ಪಸ ಸಾಕಾದರೆ ಇವಳಿಗೆ 15 ಅಥವಾ 16 ಬೇಕು. ತೋಳು ಮೊಣಕೈಯವರೆಗೆ ಇದ್ದರೆ ಚೆನ್ನ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಮೇಲಿನ ಹಿಡಿಕೆಯನ್ನು ಸಲೀಸಾಗಿ ಹಿಡಿದು ನಿಲ್ಲಬಲ್ಲ ಭಾಗ್ಯ ಎತ್ತರದವಳದು. ಕೈ ಎತ್ತಿದಾಗ ಕುಪ್ಪಸ ಮೇಲೇರದಂತಿದ್ದರೆ ಮಾತ್ರ ಆ ಭಾಗ್ಯವನ್ನು ಅನುಭವಿಸಬಹುದು.

ಆದರೆ ಎಷ್ಟೇ ಬಟ್ಟೆ ಕೊಂಡರೂ ಎತ್ತರದ ಹುಡುಗಿಯರ ಕುಪ್ಪಸ ಕೆಡುವುದಕ್ಕೆ ಬೇರೊಂದು ಕಾರಣವಿದೆ. ಅದನ್ನು ದರ್ಜಿಯೂ ಹೇಳುವುದಿಲ್ಲ, ತಾಯಿಯೂ ಗಮನಿಸುವುದಿಲ್ಲ. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಒಡನಾಡಿಗಳಿಗಿಂತ ಒಮ್ಮೆಲೇ ಬೆಳೆದುಬಿಟ್ಟ ಹುಡುಗಿಯು ಶಾಲೆಯ ಭಾವಚಿತ್ರದಲ್ಲಿ ಹಿಂದಿನ ಸಾಲಿನವಳಾಗುತ್ತಾಳೆ. ಗೆಳತಿಯರ ಗುಟ್ಟು ಕೇಳಲು ಕತ್ತು ಬಗ್ಗಿಸುತ್ತಾಳೆ. ಮನೆಗೆ ಬಂದ ನೆಂಟರು ‘ಕಂಬ’ ಎಂದು ನಕ್ಕಾಗ ಭುಜವನ್ನು ಮುಂದಕ್ಕೆ ಮಡಿಚಿಕೊಳ್ಳುತ್ತಾಳೆ. ಹೀಗೆ ಕಲಿತ ಬಾಗು ಇಪ್ಪತ್ತರ ಹೊತ್ತಿಗೆ ಅವಳ ಸ್ವಭಾವವೇ ಆಗಿರುತ್ತದೆ. ದರ್ಜಿಯ ಎದುರಿಗೂ ಅವಳು ಬಾಗಿಯೇ ನಿಲ್ಲುತ್ತಾಳೆ. ಅಪರಿಚಿತನ ಮುಂದೆ ಟೇಪು ಹಿಡಿಸಿಕೊಳ್ಳುವ ಸಂಕೋಚ ಬೇರೆ. ಬಾಗಿದ ಬೆನ್ನು ಅಗಲವಾಗಿ ಕಾಣುತ್ತದೆ, ಬಾಗಿದ ಎದೆ ಗಿಡ್ಡವಾಗಿ ಕಾಣುತ್ತದೆ. ದರ್ಜಿಯು ಕಂಡದ್ದನ್ನು ಬರೆದುಕೊಂಡು ಬೆನ್ನಿಗೆ ಸಡಿಲವಾಗಿಯೂ ಮುಂಭಾಗಕ್ಕೆ ಒಂದಂಗುಲ ಗಿಡ್ಡವಾಗಿಯೂ ಕತ್ತರಿಸುತ್ತಾನೆ. ಆ ಕುಪ್ಪಸ ತೊಟ್ಟು ಅವಳು ನೆಟ್ಟಗೆ ನಿಂತರೆ ಮುಂಭಾಗ ಮೇಲಕ್ಕೆ ಎಳೆಯುತ್ತದೆ, ಗುಂಡಿ ಬಿಗಿಯುತ್ತದೆ, ಸೆರಗು ಭುಜದಿಂದ ಜಾರುತ್ತದೆ. ಬಾಗಿದರೆ ಮಾತ್ರ ಎಲ್ಲವೂ ಸರಿಯಾಗುತ್ತದೆ. ಆದ್ದರಿಂದ ಅವಳು ಮತ್ತೆ ಬಾಗುತ್ತಾಳೆ. ನೆಂಟರು ಮಾತಿನಿಂದ ಬಗ್ಗಿಸಿದ ಮೈಯನ್ನು ಆ ಮೇಲೆ ಕುಪ್ಪಸವೇ ಬಗ್ಗಿಸಿ ಹಿಡಿಯುತ್ತದೆ. ಅಳತೆ ಕೊಡುವ ದಿನ ತಾಯಿಯೋ ಅಕ್ಕನೋ ಜೊತೆಗೆ ಹೋಗಬೇಕು. ಗೋಡೆಗೆ ಹಿಮ್ಮಡಿ, ಬೆನ್ನು ತಾಗಿಸಿ ಅವಳನ್ನು ಒಂದು ಗಳಿಗೆ ನಿಲ್ಲಿಸಿ, ಹಾಗೆಯೇ ಒಂದು ಹೆಜ್ಜೆ ಮುಂದೆ ಬರಿಸಿ, ಆಗ ಟೇಪು ಹಿಡಿಯಲು ಹೇಳಬೇಕು. ಹಳೆಯ ಕುಪ್ಪಸವನ್ನು ಅಳತೆಗೆಂದು ಕಳಿಸುವ ಸೋಮಾರಿತನವನ್ನಂತೂ ಈ ಹುಡುಗಿಯರ ವಿಷಯದಲ್ಲಿ ಮಾಡಲೇಬಾರದು. ಹಳೆಯ ತಪ್ಪು ಹೊಸ ಬಟ್ಟೆಯಲ್ಲಿ ಮರುಹುಟ್ಟು ಪಡೆಯುತ್ತದೆ.

ಚೂಡಿದಾರ, ಕುರ್ತಾಗಳ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಕೊಳ್ಳುವಾಗ ಅಂಚಿನ ಮಡಿಕೆಯನ್ನು ತಿರುಗಿಸಿ ನೋಡಿ, ಬಿಚ್ಚಿ ಇಳಿಸಲು ಬಟ್ಟೆ ಉಳಿದಿದೆಯೇ ಎಂದು ಪರೀಕ್ಷಿಸಿದರೆ ಸಾಕು.

ಪಾದರಕ್ಷೆಯಲ್ಲಿ ಎತ್ತರದವಳ ಮೊದಲ ಶತ್ರು ಹಿಮ್ಮಡಿಯಲ್ಲ, ಅಳತೆ. ದೊಡ್ಡ ಮರಕ್ಕೆ ದೊಡ್ಡ ಬೇರು ಸಹಜವಾದಂತೆ ಎತ್ತರದ ಮೈಗೆ ನೀಳವಾದ ಪಾದವೂ ಸಹಜ. ಅಂಗಡಿಯ ಹೆಂಗಸರ ಸಾಲು ಮಾತ್ರ ಏಳು ಎಂಟನೆಯ ನಂಬರಿಗೆ ಬಹುಮಟ್ಟಿಗೆ ಮುಗಿದುಹೋಗುತ್ತದೆ. ನಾಚಿಕೆಯಿಂದ ಒಂದು ನಂಬರು ಕಡಿಮೆಯದನ್ನು ಮೆಟ್ಟಿ ಬೆರಳು ಮಡಿಚಿಕೊಂಡು ನಡೆಯುವವರು ಎಷ್ಟೋ ಮಂದಿ. ಅದರ ಫಲವನ್ನು ಮುಂದೆ ಮೊಣಕಾಲೂ ಸೊಂಟವೂ ತೆರುತ್ತವೆ. ಚಪ್ಪಲಿಯನ್ನು ಸಂಜೆಯ ಹೊತ್ತು, ನಡೆದು ಪಾದ ಸ್ವಲ್ಪ ಊದಿರುವಾಗ ಕೊಳ್ಳಬೇಕು. ಎರಡೂ ಕಾಲಿಗೆ ಹಾಕಿ ನೋಡಬೇಕು. ಚೂಪು ಮೂತಿಯದು ಪಾದವನ್ನು ಇನ್ನೂ ಉದ್ದ ಮಾಡಿ ತೋರಿಸುತ್ತದೆ. ದುಂಡು ತುದಿ, ಅಡ್ಡ ಪಟ್ಟಿಯದು ಲಕ್ಷಣವಾಗಿರುತ್ತದೆ.

ಈ ನಾಡಿನವರಿಗೆ ಪರಿಹಾರ ಮನೆಯ ಬಾಗಿಲಲ್ಲೇ ಇದೆ. ಕೊಲ್ಹಾಪುರಿ ಎಂದು ಲೋಕ ಕರೆಯುವ ಚಪ್ಪಲಿಯು ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿಗಳ ಕಡೆಯೂ ಹೇರಳವಾಗಿ ತಯಾರಾಗುತ್ತದೆ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಂದಿಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹೆಸರೂ ಸೇರಿತು. ಮರದ ತೊಗಟೆ, ಅಳಲೆಕಾಯಿಗಳಲ್ಲಿ ಹದಮಾಡಿದ ತೊಗಲು, ಮೊಳೆಯಿಲ್ಲದ ಕೈಹೊಲಿಗೆ. ಕುಶಲಕರ್ಮಿಯ ಮುಂದೆ ಕಾಗದದ ಮೇಲೆ ಪಾದವಿಟ್ಟು ಗೆರೆ ಎಳೆದುಕೊಟ್ಟರೆ ಆತ ಆ ಪಾದಕ್ಕೇ ಮಾಡಿಕೊಡುತ್ತಾನೆ. ನಂಬರು ಕೇಳುವವರೇ ಇಲ್ಲ. ತಳ ಚಪ್ಪಟೆ, ಪಟ್ಟಿ ಅಗಲ, ನೀಳ ಪಾದಕ್ಕೆ ಹೇಳಿಮಾಡಿಸಿದ ರೂಪ. 2025ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯು ಮಿಲಾನಿನ ಪ್ರದರ್ಶನದಲ್ಲಿ ಇದನ್ನೇ ಹೋಲುವ ಚಪ್ಪಲಿಯನ್ನು ಮೂಲದ ಹೆಸರೆತ್ತದೆ ತೋರಿಸಿ, ಗದ್ದಲವಾದ ಮೇಲೆ ಭಾರತದ ಋಣವನ್ನು ಒಪ್ಪಿಕೊಂಡಿತು. ಅಥಣಿಯ ತೊಗಲಿಗೆ ಅದರಿಂದ ಹೊಸದಾಗಿ ಬೆಲೆ ಬರಬೇಕಾಗಿರಲಿಲ್ಲ. ಮೊದಲ ವಾರ ತುಸು ಬಿಗಿಯಾಗಿ ಕಚ್ಚುತ್ತದೆ, ಎಣ್ಣೆ ಹಚ್ಚಿದರೆ ಒಗ್ಗುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಮಾತ್ರ ಅದನ್ನು ಹೊರಗೆ ತೆಗೆಯಬಾರದು. ಆ ದಿನಗಳಲ್ಲಿ ಸೀರೆಯನ್ನೂ ಅರ್ಧ ಅಂಗುಲ ಮೇಲಕ್ಕೇ ಉಟ್ಟರೆ ಲೇಸು. ಇಲ್ಲವಾದರೆ ಐದಂಗುಲದ ದಡಿಯ ಕೆಳಗೆ ಕೆಮ್ಮಣ್ಣಿನ ಇನ್ನೊಂದು ದಡಿ ಸೇರುತ್ತದೆ.

ಎತ್ತರದವಳು ಹಿಮ್ಮಡಿಯ ಚಪ್ಪಲಿ ಮೆಟ್ಟಲೇಬಾರದೆಂಬ ನಿಯಮ ಯಾವ ಶಾಸ್ತ್ರದಲ್ಲಿಯೂ ಇಲ್ಲ. ಒಂದು, ಒಂದೂವರೆ ಅಂಗುಲದ ಅಗಲವಾದ ಹಿಮ್ಮಡಿಯಿಂದ ನಿರಿಗೆಗಳು ನೆಟ್ಟಗೆ ಇಳಿಬೀಳುತ್ತವೆ. ವರನು ಗಿಡ್ಡನಾದರೆ ಎಂಬ ಅಂಜಿಕೆಯಿಂದ ಮದುವೆಯ ಜವಳಿಯ ಜೊತೆಗೆ ತೀರ ಸವೆದ ತಳದ ಚಪ್ಪಲಿ ಹುಡುಕುವ ತಾಯಂದಿರು ಒಂದು ಸಂಗತಿಯನ್ನು ನೆನೆಯಬೇಕು. ಅಂತಃಪಟ ಸರಿದು ಅಕ್ಕಿಕಾಳು ಬೀಳುವ ಹೊತ್ತಿಗೆ ವಧೂವರರಿಬ್ಬರೂ ಮಣೆಯ ಮೇಲೆ ಬರಿಗಾಲಿನಲ್ಲಿರುತ್ತಾರೆ. ಯಾರ ಎತ್ತರ ಎಷ್ಟೆಂಬುದು ಮಂಟಪದ ತುಂಬ ಎಲ್ಲರಿಗೂ ಆಗಲೇ ಕಂಡಿರುತ್ತದೆ. ಸಂಜೆಯ ಆರತಕ್ಷತೆಗೆ ಒಂದಂಗುಲ ಹೆಚ್ಚಾದರೆ ಹೊಸದಾಗಿ ಬಯಲಾಗುವುದು ಏನೂ ಇಲ್ಲ. ಆ ಚಪ್ಪಲಿಯನ್ನು ಹದಿನೈದು ದಿನ ಮೊದಲೇ ತಂದು, ಮನೆಯೊಳಗೆ ಮೆಟ್ಟಿ ನಡೆದು ರೂಢಿ ಮಾಡಿಕೊಂಡು, ಅದನ್ನು ಮೆಟ್ಟಿ ನಿಂತೇ ಒಳಲಂಗದ ಉದ್ದವನ್ನೂ ಸೀರೆಯ ಪಟ್ಟಿಯನ್ನೂ ಅಳತೆ ಮಾಡಿಸಬೇಕು.